ಮೂರನೆಯ ಪ್ರಶ್ನೆ

ಡಚ್ ಸೆನೆಟ್‌ನ ಸದಸ್ಯೆ ಮಸರ್ರತ್‌ಗೆ ಇನ್ನು ಉಳಿದಿದ್ದದ್ದು ಒಂದೇ ಪ್ರಶ್ನೆ. ಮಂತ್ರಿಗಳ ಮಾತಿನ ನಡುವೆ ಎದ್ದು ಕೇಳಲು ಒಬ್ಬೊಬ್ಬ ಸೆನೆಟರಿಗೆ ಮೂರೇ ಅವಕಾಶ ಎಂದು ಸಭಾಪತಿಗಳು ಚರ್ಚೆಯ ಆರಂಭದಲ್ಲೇ ಹೇಳಿಬಿಟ್ಟಿದ್ದರು. ಅದರಲ್ಲಿ ಎರಡನ್ನು ಮಂತ್ರಿ ನಗುನಗುತ್ತಲೇ ನುಂಗಿ ನೀರು ಕುಡಿದಿದ್ದ. ಮೊದಲ ಸಲ, "ಒಂದೊಂದು ಪ್ರಕರಣವನ್ನೂ ಬೇರೆಬೇರೆಯಾಗಿಯೇ ನೋಡಬೇಕಾಗುತ್ತದೆ" ಎಂದ. ಎರಡನೆಯ ಸಲ, "ಸದಸ್ಯರ ಕಾಳಜಿ ನನಗೆ ಅರ್ಥವಾಗುತ್ತದೆ" ಎಂದ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸುವವರು ಇಡೀ ಹೇಗ್ ನಗರದಲ್ಲೇ ಇರಲಿಲ್ಲ.

ಅವಳು ಕೇಳಿದ್ದು ದೊಡ್ಡದೇನೂ ಅಲ್ಲ. ಗಂಡನ ವೀಸಾದ ಮೇಲೆ ಬಂದ ಹೆಂಡತಿ ಹೊಡೆತ ತಾಳಲಾರದೆ ಮನೆ ಬಿಟ್ಟರೆ, ಇದುವರೆಗೆ ಅವಳು ಈ ದೇಶದಲ್ಲಿ ಉಳಿಯಬಹುದಿತ್ತು. ಹೊಸ ಮಸೂದೆ ಬಂದರೆ ಮನೆ ಬಿಟ್ಟ ದಿನವೇ ಅವಳ ಪರವಾನಗಿಯೂ ಮುಗಿಯುತ್ತದೆ. ಹಾಗಾದರೆ ಈಗಾಗಲೇ ಪೊಲೀಸರಿಗೆ ದೂರು ಕೊಟ್ಟು ಕಾಯುತ್ತಿರುವವರ ಗತಿ? ಮಸೂದೆಯ ಒಂದಕ್ಷರವನ್ನೂ ತಿದ್ದುವ ಅಧಿಕಾರ ಸೆನೆಟ್‌ಗಿಲ್ಲ. ಒಪ್ಪಬೇಕು, ಇಲ್ಲವೇ ತಳ್ಳಬೇಕು. ಇವತ್ತು ಒಪ್ಪುವವರೇ ಹೆಚ್ಚಿದ್ದರು. ಆದರೆ ಮಂತ್ರಿ ಸಭೆಯಲ್ಲಿ ಕೊಟ್ಟ ಮಾತು ದಾಖಲಾದರೆ ಅಧಿಕಾರಿಗಳು ಅದನ್ನು ಅಷ್ಟು ಸುಲಭವಾಗಿ ದಾಟಲಾರರು. ಮಸರ್ರತ್‌ಗೆ ಬೇಕಿದ್ದದ್ದು ಅವನ ಬಾಯಿಂದ ಒಂದು ‘ಹೌದು’.

ಮೇಲೆ ಸಾರ್ವಜನಿಕರ ಗ್ಯಾಲರಿಯಲ್ಲಿ ನಿಸರ್ಗ ಕೂತಿದ್ದಳು. ಬೆಸ್ಟ್ ಎಂಬ ಊರಿನಲ್ಲಿದ್ದ ಗಂಡನ ಮನೆ ಬಿಟ್ಟು, ದೂರು ಕೊಟ್ಟು, ಹೆಣ್ಣುಮಕ್ಕಳ ಆಶ್ರಯಧಾಮ ಸೇರಿ ಅವಳಿಗೆ ಇಂದಿಗೆ ಹನ್ನೊಂದು ದಿನ. ಬೆಳಿಗ್ಗೆ ಕಾಫಿ ಮಷೀನಿನ ಮುಂದೆ ಮಸರ್ರತ್ ಪಿಸುಮಾತಿನಲ್ಲಿ ಕೇಳಿದ್ದಳು: "ನಿನ್ನ ಹೆಸರು ಹೇಳೂದಿಲ್ಲವ್ವಾ. ಬರೇ ಆದದ್ದು ಹೇಳ್ತೀನಿ. ಕೇಳಿದ್ರ ಆ ಮಂತ್ರಿ ಕರಗ್ತಾನ."

"ಬೇಡ ಅಕ್ಕ, ಪ್ಲೀಸ್. ಚಳೀಲಿ ಬಾಲ್ಕನಿಗೆ ತಳ್ಳಿ ಬಾಗ್ಲು ಹಾಕ್ದ ಅಂದ್ರೆ ಸಾಕು, ನಮ್ಮ ಕನ್ನಡದವ್ರ ವಾಟ್ಸಾಪ್ ಗ್ರೂಪಿಗೆ ಯಾರು ಅಂತ ಗೊತ್ತಾಗ್ಬಿಡತ್ತೆ. ಇದೆಲ್ಲಾ ಲೈವ್ ಬರತ್ತಲ್ವಾ? ಸಂಜೆ ಒಳಗೆ ಚಿತ್ರದುರ್ಗದಲ್ಲಿ ಅಪ್ಪನಿಗೆ ಫೋನ್ ಹೋಗತ್ತೆ. ನಾನೇ ಇನ್ನೂ ಹೇಳಿಲ್ಲ."

ಮಸರ್ರತ್ ಸರಿ ಎಂದು ಮಾತು ಕೊಟ್ಟಿದ್ದಳು. ಈಗ ಮೂರನೆಯ ಸಲ ಮೈಕಿನ ಮುಂದೆ ನಿಂತಾಗ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಮಂತ್ರಿ ಆಗಲೇ ಮುಂದಿನ ಹಾಳೆ ತಿರುವಿದ್ದ. ಕೊಟ್ಟ ಮಾತು ಹಾಳಾಗಲಿ, ಹುಡುಗಿಯ ಬದುಕು ಉಳಿಯಲಿ ಅನ್ನಿಸಿತು.

"ಸಭಾಪತಿಗಳೇ, ಒಬ್ಬ ಹೆಣ್ಣುಮಗಳಿದ್ದಾಳೆ."

ಸಭೆ ಕಿವಿಗೊಟ್ಟಿತು. ಬಾಲ್ಕನಿಯ ಮಾತು ನಾಲಗೆಯ ತುದಿಗೆ ಬಂದಿತ್ತು. ಆಗ ಅವಳ ಕಣ್ಣು ತಾನಾಗಿ ಮೇಲಕ್ಕೆ ಹೋಯಿತು. ನಿಸರ್ಗ ಎರಡೂ ಕೈಗಳಿಂದ ತನ್ನ ಬಾಯನ್ನೇ ಒತ್ತಿ ಮುಚ್ಚಿಕೊಂಡಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಸರ್ರತ್‌ಗೆ ತನ್ನ ಮೇಲೇ ನಾಚಿಕೆಯಾಯಿತು, ಬಂದ ಮಾತನ್ನು ನುಂಗಿಕೊಂಡಳು.

"ನಿಮ್ಮ ಪ್ರಶ್ನೆ?" ಸಭಾಪತಿಗಳು ಕೇಳಿದರು.

ಮುಂದುವರಿಸಿದರೆ ಹುಡುಗಿಯನ್ನು ಬೀದಿಗೆ ತಂದಂತೆ. ಹೋಗಿ ಕೂತರೆ ಎಲ್ಲ ಮುಗಿದಂತೆ. ಮಸರ್ರತ್ ಎರಡನ್ನೂ ಮಾಡಲಿಲ್ಲ. ಮೈಕನ್ನು ಹಿಡಿದು ಸುಮ್ಮನೆ ನಿಂತಳು. ಫೋನು ನೋಡುತ್ತಿದ್ದ ಸದಸ್ಯರು ತಲೆಯೆತ್ತಿದರು. ಯಾರೋ ಕೆಮ್ಮಿದರು. ಮಂತ್ರಿಯ ನಗು ಸಣ್ಣಗಾಗುತ್ತ ಬಂತು.

"ಸದಸ್ಯರಿಗೆ ಗೊತ್ತಿರುವ ಯಾರಾದರೂ...?" ಎಂದು ಶುರು ಮಾಡಿದ ಅವನು ಅವಳ ನೋಟ ಹೋಗಿದ್ದ ದಾರಿಯಲ್ಲೇ ಮೇಲಕ್ಕೆ ನೋಡಿದ. ಬಾಯಿ ಮುಚ್ಚಿಕೊಂಡ ಹುಡುಗಿ ಹಾಗೇ ಕೂತಿದ್ದಳು. ಮಸರ್ರತ್‌ಗೆ ದಿಗಿಲಾಯಿತು. ಅವನ ಹಿಂದೆಯೇ ಇಡೀ ಸಭೆ ಮೇಲೆ ನೋಡಿದರೆ? ಕ್ಯಾಮೆರಾ ತಿರುಗಿದರೆ? ಅವಳು ಮೈಕಿನ ಮೇಲೆ ಬೆರಳಿನಿಂದ ಟಕ್ಕೆಂದು ಬಡಿದಳು. ಮಂತ್ರಿ ಕಣ್ಣು ಕೆಳಗಿಳಿಸಿದ. ಹಾಳೆ ಮಡಚಿದ. ನೀರು ಕುಡಿದ.

"ಕಾಯ್ದೆ ಜಾರಿಯಾಗುವ ಮೊದಲು ದೂರು ಕೊಟ್ಟವರಿಗೆ ಹಳೆಯ ನಿಯಮವೇ ಅನ್ವಯಿಸುತ್ತದೆ."

"ಇದನ್ನು ಮಂತ್ರಿಗಳ ಭರವಸೆ ಎಂದು ದಾಖಲಿಸಬಹುದೇ?" ಸಭಾಪತಿಗಳು ಕೇಳಿದರು.

"ಹೌದು."

ಮಸರ್ರತ್ ಮತ್ತೆ ಮೇಲೆ ನೋಡದೆ ಕುರ್ಚಿಗೆ ಬಂದು ಕೂತಳು.

ಮಧ್ಯಾಹ್ನ ಮೊಗಸಾಲೆಯಲ್ಲಿ ಮಸರ್ರತ್, ನಿಸರ್ಗ ಇಬ್ಬರೂ ಗೋಡೆಗೊರಗಿ ನಿಂತಿದ್ದಾಗ, ಸಭೆಯ ಮಾತುಗಳನ್ನು ದಾಖಲಿಸುವ ವರದಿ ವಿಭಾಗದ ಹುಡುಗಿಯೊಬ್ಬಳು ಒಂದು ಹಾಳೆ ಹಿಡಿದು ಬಂದಳು. ಮಸರ್ರತ್‌ಳ ಕೊನೆಯ ಪ್ರಶ್ನೆಗೆ ಹಿಂದೂ ಇಲ್ಲ, ಮುಂದೂ ಇಲ್ಲ. ‘ಒಬ್ಬ ಹೆಣ್ಣುಮಗಳಿದ್ದಾಳೆ’ ಎಂಬ ಒಂದೇ ವಾಕ್ಯ ಅನಾಥವಾಗಿ ನಿಂತಿದೆ. ಅದನ್ನು ವರದಿಯಿಂದ ಬಿಡಲೇ ಎಂದು ಕೇಳಿದಳು. ಮಸರ್ರತ್ ಅದನ್ನು ನಿಸರ್ಗಳಿಗೆ ಕನ್ನಡದಲ್ಲಿ ಹೇಳಿದಳು.

"ತೆಗಿಸಿಬಿಡ್ತೀನಿ. ನನ್ನಿಂದ ತಪ್ಪಾತು. ನಿನಗ ಮಾತು ಕೊಟ್ಟು ಅಷ್ಟೂ ಅನ್ನಬಾರದಿತ್ತು."

ನಿಸರ್ಗ ಆ ಹಾಳೆಯನ್ನು ಇಸಿದುಕೊಂಡು, ತನಗೆ ಅರೆಬರೆ ಗೊತ್ತಿದ್ದ ಡಚ್ಚಿನಲ್ಲಿ ಆ ಒಂದು ಸಾಲನ್ನು ಬೆರಳಿಟ್ಟು ಓದಿದಳು. ಇನ್ನೊಮ್ಮೆ ಓದಿದಳು.

"ಇರ್ಲಿ ಬಿಡಿ ಅಕ್ಕ. ನನ್ ಪಾಸ್‌ಪೋರ್ಟು, ಡಿಗ್ರಿ ಸರ್ಟಿಫಿಕೇಟು, ಎಲ್ಲಾ ಅವ್ನ ಬೀರೂನಲ್ಲೇ ಇದೆ. ಒಬ್ಳು ಇದ್ದಾಳೆ ಅಂತ ಒಂದ್ ಕಡೆಯಾದ್ರೂ ಬರ್ದಿರ್ಲಿ."