ಇದೊಂದು ಹಾಡು ಮುಗೀಲಿ

ಮನೆಯಿಂದ ಹೊರಟಾಗಲೆಲ್ಲ ಹೆಂಡತಿಯನ್ನು ಒಳಗಿಟ್ಟು ಬೀಗ ಜಡಿಯುವವನು ಪಾಲಾಕ್ಷ. ಅವತ್ತು ಪಕ್ಕದ ಮನೆಯಾಕೆ ತನ್ನ ಹೊಸ ಮ್ಯೂಸಿಕ್ ಪ್ಲೇಯರಿಗೆ ಸ್ಪೀಕರ್ ಸಿಕ್ಕಿಸಿ, ಗೋಡೆ ನಡುಗುವಂತೆ ಹಾಡು ಹಾಕಿದಾಗ ಅವನ ಪಿತ್ತ ನೆತ್ತಿಗೇರಿತು. ಎದ್ದವನೇ ಓಡಿಹೋಗಿ ಅವಳ ಬಾಗಿಲು ಗುದ್ದಿದ.

“ಇದೇನು ಮನೆನೋ, ಸಂತೆನೋ?”

“ಹೊಸದು ಕಣ್ರೀ. ಹೇಗೆ ಕೇಳ್ಸುತ್ತೆ ಅಂತ ನೋಡ್ತಿದೀನಿ.”

“ಜೊತೆಗೆ ಇಯರ್‌ಫೋನ್ ಕೊಟ್ಟಿಲ್ವಾ? ಅದನ್ನ ಕಿವಿಗೆ ತುರುಕ್ಕೊಂಡು ಸಾಯಿ!”

“ಇದೊಂದು ಹಾಡು ಮುಗೀಲಿ.”

“ಆಫ್ ಮಾಡ್ತೀಯಾ, ಇಲ್ಲಾ ನಾನೇ ಒಡೆದುಹಾಕ್ಲಾ?”

ಆಕೆ ಕಿಟಕಿಯಿಂದ ಬೀದಿಯತ್ತ ಇಣುಕಿದಳು. ಆಮೇಲೆ ನಿಧಾನವಾಗಿ ಸ್ಪೀಕರಿನ ವೈರು ಕಿತ್ತು, ಇಯರ್‌ಫೋನ್ ಸಿಕ್ಕಿಸಿದಳು.

“ಆಯ್ತು, ಇನ್ನು ಇದೇ ಸಾಕು. ನೀವು ಬೀಗ ಹಾಕೋದು ಮರೆತು ಬಂದ್ರಲ್ಲ, ನಿಮ್ಮ ಹೆಂಡ್ತಿ ಆಟೋ ಹತ್ತಿ ಹೋಗಿಯಾಯ್ತು.”