ಮೂರು ಡಿಸ್ಕಿನ ಕಂಪ್ಯೂಟರ್

ಆಯುಧಪೂಜೆಯ ಮರುದಿನ ಫೋಟೊ ಸ್ಟುಡಿಯೋದ ಕಂಪ್ಯೂಟರ್ ಏಳಲೇ ಇಲ್ಲ. ಅದರೊಳಗಿನ ಮೂರು ಹಾರ್ಡ್ ಡಿಸ್ಕ್‌ಗಳಲ್ಲಿ ಊರಿನ ಅರ್ಧ ಮದುವೆಗಳಿದ್ದವು.

ರಿಪೇರಿಯವನು ಕುಂಕುಮ ಒರೆಸಿ, ಡಿಸ್ಕ್‌ಗಳನ್ನು ಒಂದೊಂದಾಗಿ ಬಿಚ್ಚಿ ಜೋಡಿಸಿದ. ಡಿಸ್ಕೇ ಸಿಗುತ್ತಿಲ್ಲವೆಂದು ಪರದೆ ಹಟ ಹಿಡಿಯಿತು.

"ಎಲ್ಲಾರ ಮದುವೆನೂ ಹೋಯ್ತೇನಪ್ಪಾ?" ಮಾಲೀಕ ಕುಸಿದು ಕೂತ.

"ಡಿಸ್ಕೆಲ್ಲ ಚೆನ್ನಾಗಿವೆ ಸಾರ್. ಇದು ಬೇರೆಲ್ಲೋ ಹುಡುಕ್ತಿದೆ."

ಹಿಂಬದಿಯ ಚೆಂಡುಹೂವಿನ ಹಾರ ಸರಿಸಿದರೆ, ಅಲ್ಲೊಂದು ಪೆನ್‌ಡ್ರೈವ್! ಡಿಸ್ಕ್‌ಗಳನ್ನು ಬಿಟ್ಟು ಅದರಿಂದಲೇ ಶುರುವಾಗಲು ಕಂಪ್ಯೂಟರ್ ಒದ್ದಾಡುತ್ತಿತ್ತು. ಅದನ್ನು ಕಿತ್ತು ಮತ್ತೆ ಆನ್ ಮಾಡಿದ ಕೂಡಲೇ ಕಂಪ್ಯೂಟರ್ ಶುರುವಾಯಿತು. ಇಬ್ಬರೂ ಕುಣಿದಾಡಿದರು.

ಗದ್ದಲ ಕೇಳಿ ಮಾಲೀಕನ ತಾಯಿ ಓಡಿಬಂದರು.

"ಎದ್ದಿತಾ? ಏಳ್ದೆ ಏನು ಮಾಡುತ್ತೆ! ಬೆಳಗ್ಗೆ ಬೇಗ ಏಳಲಿ ಅಂತ ನಿನ್ನೇನೇ ನನ್ನ ಸುಪ್ರಭಾತದ ಪೆನ್‌ಡ್ರೈವ್ ಚುಚ್ಚಿಟ್ಟಿದ್ದೆ."