ಸೊಟ್ಟ ಕೊಂಡಿಯ ಚೇಳು

“ಕೈ ತೋರ್ಸು,” ಎಂದಳು ಅಂಕಮ್ಮ.

ಪಟ್ಟಲಮ್ಮ ಬಲಗೈಯನ್ನು ಸೆರಗಿನೊಳಗೆ ಇನ್ನಷ್ಟು ಎಳೆದುಕೊಂಡಳು. ಮಣಿಕಟ್ಟಿನಿಂದ ಮೊಣಕೈವರೆಗೆ ಹಳೇ ಬಟ್ಟೆ ಸುತ್ತಿತ್ತು. ಅರಿಸಿನದ ಕಲೆ ಹೊರಗೂ ಮೂಡಿತ್ತು.

“ಏನೂ ಇಲ್ಲ ಕಣಮ್ಮ.”

“ಏನೂ ಇಲ್ದಿದ್ರೆ ಬಟ್ಟೆ ಯಾಕೆ? ಸುಟ್ಕೊಂಡ್ಯಾ?”

“ಉರೀತದೆ, ಅಷ್ಟೇಯ. ವಾಸಿ ಆಯ್ತದೆ ಬುಡು.”

ಮದ್ದೂರಿನ ಛತ್ರದ ತರಬೇತಿ ಶಿಬಿರದಲ್ಲಿ ಸೇರಿದ್ದ ಸ್ವಯಂಸೇವಕಿಯರೆಲ್ಲ ನಾಳೆಯೇ ರೈಲು ಹತ್ತಬೇಕು. ಮದರಾಸಿನಿಂದ ಹಡಗು, ಆಮೇಲೆ ಮಲಯದ ಪಿನಾಂಗಿನ ಅನಾಥ ಮಕ್ಕಳ ಆಶ್ರಮ. ಸಂಜೆ ಡಾಕ್ಟರು ಬಂದು ಎಲ್ಲರನ್ನೂ ನೋಡುತ್ತಾರೆ. ಮೈಮೇಲೆ ಗಾಯ ಕಂಡರೆ ಮನೆಗೆ ಕಳಿಸಿಬಿಡುತ್ತಾರೆ. ಆದರೆ ಅಂಕಮ್ಮನಿಗೆ ಡಾಕ್ಟರಿಗಿಂತ ದೊಡ್ಡ ಭಯ ಬೇರೊಂದಿತ್ತು. ಬಟ್ಟೆ ಸುತ್ತಿದ್ದು ಬಲಗೈಗೆ.

ಅಂಕಮ್ಮ ಮಂಡ್ಯದವಳು, ದಾದಿ. ಬಾಯಿ ಜೋರು, ಕಣ್ಣೀರು ಅದಕ್ಕಿಂತ ಜೋರು. ಯುದ್ಧ ಮುಗಿದ ಮೇಲೆ ಅದೇ ಆಶ್ರಮದಲ್ಲಿ ಕೆಲವು ತಿಂಗಳು ದುಡಿದು ಬಂದಿದ್ದಳು. ಅಲ್ಲಿ ಮಾಯಿ ಎಂಬ ಎಂಟು ವರ್ಷದ ಹುಡುಗಿ ಇದ್ದಳು. ಅವಳ ಅಪ್ಪ ಪೂರಿಗಾಲಿಯ ಮರಿಸಿದ್ದಯ್ಯ. ಕೊಳ್ಳೇಗಾಲದ ಕಡೆಯ ಮೇಸ್ತ್ರಿಯೊಬ್ಬನ ಮಾತು ನಂಬಿ ಹೆಂಡತಿಯೊಂದಿಗೆ ಮಲಯದ ರಬ್ಬರ್ ತೋಟಕ್ಕೆ ಹೋದವನು. ಬಾಂಬು ಬಿದ್ದಾಗ ಹಡಗುಕಟ್ಟೆಯ ನೂಕಾಟದಲ್ಲಿ ತಾಯಿಯ ಕೈಯಿಂದ ಮಗು ತಪ್ಪಿತು. ತಾಯಿ ಹಡಗಿನ ಮೇಲೆ, ಮಗು ಅಪ್ಪನ ಜೊತೆ ದಡದ ಮೇಲೆ. ಆಮೇಲೆ ಅಪ್ಪನನ್ನು ಜಪಾನಿಯವರು ರೈಲುದಾರಿ ಹಾಕಲು ಎಳೆದೊಯ್ದರು. ಅವನು ಅಲ್ಲೇ ಸತ್ತ.

ಆಶ್ರಮಕ್ಕೆ ಯಾವ ಹೆಂಗಸು ಕಾಲಿಟ್ಟರೂ ಮಾಯಿ ಓಡಿಬರುತ್ತಿದ್ದಳು. ಅವಳ ಬಲಗೈ ಹಿಡಿದು, ತಿರುಗಿಸಿ ನೋಡಿ, ಬಿಟ್ಟು ಹೋಗುತ್ತಿದ್ದಳು. ಒಂದು ದಿನ ಮರಳಿನಲ್ಲಿ ಚೇಳು ಬರೆದಳು. ಅದರ ಕೊಂಡಿ ಒಂದು ಕಡೆಗೆ ಸೊಟ್ಟ. “ಅವ್ವನ ಕೈ,” ಎಂದಳು. ಅವ್ವನ ಮುಖ ಅವಳಿಗೆ ಮರೆತುಹೋಗಿತ್ತು. ಉಳಿದಿದ್ದು ಆ ಹಚ್ಚೆಯೊಂದೇ. ಕಂಡವರೆಲ್ಲ ನಮ್ಮ ಮಗು ಎಂದು ಕರೆದೊಯ್ಯಲು ಬರುತ್ತಿದ್ದ ಕಾಲವದು. ಮಗು ತಾನಾಗಿ ಗುರುತು ಹಿಡಿಯದೆ ಯಾರ ಕೈಗೂ ಕೊಡುವುದಿಲ್ಲವೆಂದು ಆಶ್ರಮದವರು ಹಟ ಹಿಡಿದಿದ್ದರು. ಮಾಯಿಯೋ ಅನ್ನ ಬಿಟ್ಟು ಕಡ್ಡಿಯಾಗುತ್ತಿದ್ದಳು.

ಊರಿಗೆ ಬಂದವಳೇ ಅಂಕಮ್ಮ ಪೂರಿಗಾಲಿಗೆ ಹೋಗಿದ್ದಳು. ಜಗಲಿಯ ಮೇಲೆ ರಾಗಿ ಕೇರುತ್ತಿದ್ದವಳನ್ನು ಕೇಳಿದಳು:

“ಮರಿಸಿದ್ದಯ್ಯನ ಹೆಂಡ್ತಿ ಯಾರಮ್ಮ?”

“ನಾನೇಯ,” ಎಂದು ಪಟ್ಟಲಮ್ಮ ಮೊರ ಕೆಳಗಿಟ್ಟಳು.

ಗಂಡ ಸತ್ತನೆಂದಾಗ ಅವಳು ಅಳಲಿಲ್ಲ. ಮಾಯಿ ಬದುಕಿದ್ದಾಳೆಂದಾಗ ಕಂಬ ಹಿಡಿದುಕೊಂಡಳು. ಒಳಗೆ ಯಾರೋ ಕಾಯಿಲೆಯವರು ಬಿಡದೆ ಕೆಮ್ಮುತ್ತಿದ್ದರು. ಅಂಕಮ್ಮ ಮರಳಿನ ಚೇಳಿನ ಮಾತು ಹೇಳುವಾಗ ಆ ಕೆಮ್ಮೂ ನಿಂತಿತು.

“ಸ್ವಯಂಸೇವಕಿಯಾಗಿ ಬಾ. ನಮ್ಮಂಥ ಬಡವರು ಸಮುದ್ರ ದಾಟೋಕೆ ಬೇರೆ ದಾರಿ ಇಲ್ಲ.”

“ಬತ್ತೀನಿ ಕಣವ್ವ. ಈಜ್ಕಂಡಾದ್ರೂ ಬತ್ತೀನಿ.”

ತಾಯಿ ಸಿಕ್ಕ ಸಂತೋಷದಲ್ಲಿ ಅಂಕಮ್ಮ ಅಂದು ಅವಳ ಕೈ ನೋಡಲೇ ಇಲ್ಲ. ರಾಗಿಯ ಧೂಳಿನಲ್ಲಿ ಅದು ಕಾಣುವಂತೆಯೂ ಇರಲಿಲ್ಲ.

ಶಿಬಿರಕ್ಕೆ ಪಟ್ಟಲಮ್ಮ ತಡವಾಗಿ ಬಂದಳು. ಮನೆಯಲ್ಲಿ ಸಾವಾಯಿತು ಎಂದಳು. ಬರುವಾಗಲೇ ಕೈಗೆ ಬಟ್ಟೆ ಸುತ್ತಿತ್ತು. ಹಾಲು ಕಾಯಿಸುವುದು, ಗಾಯ ಕಟ್ಟುವುದು, ಜ್ವರ ನೋಡುವುದು, ಎಲ್ಲವನ್ನೂ ಹಸಿದವಳು ಉಂಡ ಹಾಗೆ ಕಲಿತಳು. ಹಸುಗೂಸನ್ನು ಕೈಗಿಟ್ಟರೆ ಮಾತ್ರ ಮೊರ ಹಿಡಿದಂತೆ ಹಿಡಿಯುತ್ತಿದ್ದಳು. “ಹೆತ್ತೋಳು ಹಿಂಗಾ ಹಿಡಿಯೋದು?” ಎಂದು ಅಂಕಮ್ಮ ರೇಗಿಸಿದರೆ ತಲೆ ತಗ್ಗಿಸುತ್ತಿದ್ದಳು. ಹಡಗುಕಟ್ಟೆಯ ಮಾತೆತ್ತಿದರೆ ಎದ್ದೇ ಹೋಗುತ್ತಿದ್ದಳು. ಸಂಕಟಪಟ್ಟ ಜೀವ, ಕೆದಕುವುದು ಬೇಡವೆಂದು ಅಂಕಮ್ಮನೂ ಸುಮ್ಮನಾಗಿದ್ದಳು.

ಈಗ ಸುಮ್ಮನಿರಲಾಗಲಿಲ್ಲ.

“ಅಯ್ಯೋ ಪಾಪಿ! ಆ ಚೇಳು ಸುಟ್ಟೋಗಿದ್ರೆ ಆ ಮಗೀಗೆ ಏನೇ ತೋರಿಸ್ತೀಯ? ನಿನ್ನ ಕೈನೂ ತಿರುಗಿಸಿ ನೋಡಿ ಬಿಟ್ಟೋಗ್ತಾಳೆ ಕಣೇ. ಆಮೇಲೆ ಅವಳು ಉಳಿಯಲ್ಲ!”

ಹೇಳುತ್ತಲೇ ಅಳು ಬಂತು. ಅಳುತ್ತಲೇ ಪಟ್ಟಲಮ್ಮನ ಕೈ ಎಳೆದು ಬಟ್ಟೆ ಬಿಚ್ಚಿದಳು.

ಚೇಳಿತ್ತು. ಎಲ್ಲೂ ಸುಟ್ಟಿರಲಿಲ್ಲ. ಕೊಂಡಿ, ಮಾಯಿ ಮರಳಿನಲ್ಲಿ ಬರೆದ ಕಡೆಗೇ ಸೊಟ್ಟಗಿತ್ತು. ಅಂಕಮ್ಮ ಉಸಿರುಬಿಟ್ಟು ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು. ಚೇಳಿನ ಮೈ ತುಂಬ ಹಕ್ಕಳೆ ಕಟ್ಟಿತ್ತು. ಸುತ್ತಲಿನ ಚರ್ಮ ಇನ್ನೂ ಕೆಂಪಗೆ ಬಾತಿತ್ತು.

“ಇದು ಹೊಸಾ ಹಚ್ಚೆ,” ಎಂದಳು ಅಂಕಮ್ಮ. “ಯಾರೇ ನೀನು?”

“ಮರಿಸಿದ್ದಯ್ಯನ ಎಂಡ್ತಿನೇಯ. ಮೊದಲ್ನೇಳು. ಮಕ್ಕಳಾಗ್ನಿಲ್ಲ ಅಂತ ಮಾಯಿ ಅವ್ವನ್ನ ಕಟ್ಕಂಡು, ನನ್ನ ಬುಟ್ಟೋದ.”

ಪಟ್ಟಲಮ್ಮ ಬಟ್ಟೆಯನ್ನು ನಿಧಾನವಾಗಿ ಮತ್ತೆ ಸುತ್ತಿಕೊಂಡಳು.

“ಅವತ್ತು ಒಳಗೆ ಕೆಮ್ತಿದ್ಲಲ್ಲ ನನ್ನ ಸವತಿ, ಅಚ್ಚೆಯೋಳು ಚುಚ್ಚೋವಾಗ ತನ್ನ ಕೈನ ನನ್ನ ಕೈ ಪಕ್ಕದಲ್ಲೇ ಇಟ್ಕಂಡು ಮಲಗಿದ್ಲು, ನೋಡ್ಕಂಡು ಬರೀಲಿ ಅಂತ. ಕೊಂಡಿ ಮುಗಿಯೋಗಂಟ ಜೀವ ಬುಡ್ನಿಲ್ಲ ಕಣಮ್ಮ.”